ಸಂತೆ, ಬೈಲು ಮತ್ತು ನಗರ

ಕನ್ನಡದಲ್ಲಿ ‘ಸಂತೆ’ ಎಂಬ ಮಾತಿಗೆ ಎರಡು ಬಗೆಯ ಬಳಕೆಯುಂಟು. ಗೊತ್ತಾದ ವಾರದಲ್ಲಿ ಸುತ್ತಣ ಹಳ್ಳಿಗಳ ಜನ ಕೂಡಿ ಕೊಡು-ಕೊಳ್ಳುವ ತಾಣಕ್ಕೆ ಸಂತೆಯೆನ್ನುತ್ತೇವೆ. ಮನೆಯಲ್ಲಿ ಮಕ್ಕಳು ಗದ್ದಲವೆಬ್ಬಿಸಿದಾಗ, ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದಾಗ ‘ಇದೇನು ಸಂತೆ’ ಎಂದು ಗದರಿಸುವುದೂ ಉಂಟು. ಅನ್ನ ಕೊಡುವ ಸ್ಥಳದ ಹೆಸರೇ ನಿಂದೆಯ ಮಾತೂ ಆಗಿರುವುದು ವಿಚಾರಮಾಡತಕ್ಕ ಸಂಗತಿ. ಈಚಿನ ನೂರು-ನೂರೈವತ್ತು ವರ್ಷಗಳಲ್ಲಿ ನಮ್ಮ ನಗರಗಳನ್ನು ಕಟ್ಟಿದವರೂ ತಿದ್ದಿದವರೂ ಹೆಚ್ಚಾಗಿ ಎರಡನೆಯ ಅರ್ಥವನ್ನೇ ಹಿಡಿದು ನಡೆದರು. ನೇರವಾದ ರಸ್ತೆ, ಅಳೆದು ಕೊಟ್ಟ ನಿವೇಶನ, ಗೊತ್ತುಮಾಡಿದ ಮಳಿಗೆ ಇವೇ ನಾಗರಿಕತೆಯ ಲಕ್ಷಣಗಳೆಂದೂ, ಬೀದಿಯ ಮಗ್ಗುಲಲ್ಲಿ ಬುಟ್ಟಿ ಇಳಿಸಿ ಕುಳಿತವಳು, ತಳ್ಳುಗಾಡಿ ನಿಲ್ಲಿಸಿದವನು, ಕಟ್ಟೆಯ ಮೇಲೆ ಹರಟುವ ಗುಂಪು ಇವೆಲ್ಲ ಅವ್ಯವಸ್ಥೆಯೆಂದೂ ಬಗೆಯಲಾಯಿತು. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಮ್ಮ ನಾಡಿನ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಗರದ ಪ್ರಶ್ನೆಯನ್ನು ನಗರದಲ್ಲಿ ನಿಂತು ಕೇಳಿದರೆ ಸಾಲದು. ಹಳ್ಳಿಯಲ್ಲಿ ನಿಂತೂ ಕೇಳಬೇಕು. ಮುಂಡಗೋಡ ತಾಲೂಕಿನ ಚಿಗಳ್ಳಿಯಂತಹ ಒಂದು ಗ್ರಾಮವನ್ನೇ ತೆಗೆದುಕೊಳ್ಳೋಣ. ಅತ್ತ ಮಲೆನಾಡಿನ ಕಾಡು, ಇತ್ತ ಧಾರವಾಡ-ಹಾವೇರಿ ಸೀಮೆಯ ಬಯಲುನಾಡು, ಇವೆರಡರ ನಡುವಿನ ಸೆರಗಿನಲ್ಲಿರುವ ಪ್ರದೇಶವಿದು. ಭತ್ತ, ಗೋವಿನಜೋಳಗಳು ಚೀಲದಲ್ಲಿ ತುಂಬಿ ವ್ಯಾಪಾರಿಯ ಉಗ್ರಾಣಕ್ಕೆ ಹೋಗುತ್ತವೆ; ಅವಕ್ಕೆ ತೂಕವುಂಟು, ರಶೀದಿಯುಂಟು, ಕಚೇರಿಯುಂಟು. ಆದರೆ ಹಿತ್ತಿಲಲ್ಲಿ ಬೆಳೆದ ಒಂದು ಬುಟ್ಟಿ ಹರಿವೆಸೊಪ್ಪು, ನಾಲ್ಕು ಸೇರು ಅವರೆ, ಮನೆಯ ಎಮ್ಮೆಯ ಬೆಣ್ಣೆ, ಕಾಲಕ್ಕೆ ತಕ್ಕ ಮಾವು-ಹಲಸು ಇವಕ್ಕೆ ಕಚೇರಿಯಿಲ್ಲ. ಇವನ್ನು ಹೊತ್ತು ಬಸ್ಸಿನಿಂದ ಇಳಿಯುವ ಹೆಣ್ಣುಮಗಳಿಗೆ ಬೇಕಾದದ್ದು ಬುಟ್ಟಿ ಇಳಿಸಲು ಎರಡು ಮೊಳ ನೆಲ, ಮತ್ತು ಅಲ್ಲಿ ಕೂರಲು ಯಾರೂ ತಡೆಯದ ಅರ್ಧ ದಿನ. ನಗರ ಆಕೆಗೆ ಈ ಎರಡು ಮೊಳ ನೆಲ ಕೊಡುತ್ತದೆಯೇ ಎಂಬುದೇ ನಮ್ಮ ಪ್ರಶ್ನೆಯ ತಿರುಳು.

ಪ್ರಾಚೀನ ಪಟ್ಟಣಗಳ ಸಾಕ್ಷ್ಯ

ಮುಂಡಗೋಡಕ್ಕೆ ಬಹು ದೂರವಲ್ಲದ ಬನವಾಸಿಯು ಪುರಾತನ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಪ್ರಾಂತಕ್ಕೆ ಬಳ್ಳಿಗಾವೆಯು ರಾಜಧಾನಿಯಾಗಿ ಮೆರೆಯಿತು. ಇಂದು ಶಿಕಾರಿಪುರ ತಾಲೂಕಿನಲ್ಲಿರುವ ಈ ಊರು ಅಂದು ದೇವಾಲಯ, ಮಠ, ಬಸದಿ, ವಿಹಾರಗಳಿಂದಲೂ ವರ್ತಕರಿಂದಲೂ ತುಂಬಿದ ಮಹಾಪಟ್ಟಣವಾಗಿತ್ತು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದಾಧ್ಯಯನದ ಜೊತೆಗೆ ಜೈನ, ಬೌದ್ಧ, ಲೋಕಾಯತ ಮತಗಳ ವಿಚಾರವೂ ಅಲ್ಲಿ ನಡೆಯುತ್ತಿತ್ತು, ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನ ದೊರೆಯುತ್ತಿತ್ತು, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ ಆಶ್ರಯವಿತ್ತು, ರೋಗಿಗಳಿಗೆ ಮದ್ದಿತ್ತು. ಇತಿಹಾಸಕಾರರು ಇದನ್ನು ಉದಾರತೆಯ ನಿದರ್ಶನವಾಗಿ ಉದಾಹರಿಸುವುದುಂಟು. ಆದರೆ ನಗರಜೀವನದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅಂಶವೂ ಹೊಳೆಯುತ್ತದೆ. ಇಷ್ಟು ಬಗೆಯ ಜನ ಒಂದೇ ಬಾಗಿಲಲ್ಲಿ ಒಳಬರುತ್ತಿದ್ದರು. ಪಂಡಿತನಿಗೆ ಒಂದು ಬೀದಿ, ಭಿಕ್ಷುಕನಿಗೆ ಇನ್ನೊಂದು ಬೀದಿ ಎಂದು ಬೇರ್ಪಡಿಸದ ಈ ಬೆರಕೆಯೇ ಆ ಪಟ್ಟಣದ ಬಲವಾಗಿತ್ತು. ಮದ್ದಳೆ ನುಡಿಸುವ ಅಲ್ಲಮನು ಬಳ್ಳಿಗಾವೆಯವನೆಂದು ಪರಂಪರೆ ಹೇಳುತ್ತದೆ. ಮದ್ದಳೆಗಾರನೊಬ್ಬನು ಮಹಾಜ್ಞಾನಿಯಾಗಿ ಬೆಳೆದುದು ಇಂತಹ ಬೆರಕೆಯ ಊರಿನ ಕಥೆಯೆಂಬುದು ಅರ್ಥಪೂರ್ಣ.

ಅಂದಿನ ಪಟ್ಟಣಗಳಲ್ಲಿ ಕಟ್ಟಳೆಯೇ ಇರಲಿಲ್ಲವೆಂದು ಇದರ ತಾತ್ಪರ್ಯವಲ್ಲ. ಐಯಾವಳೆ ಐನೂರ್ವರಂತಹ ವರ್ತಕ ಸಂಘಗಳಿಗೆ ತಮ್ಮದೇ ಆದ ಬಣಂಜು ಧರ್ಮವಿತ್ತು. ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಎಂಬ ಸುಂಕಗಳ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ದೊಡ್ಡ ವರ್ತಕನ ಈ ಲೆಕ್ಕಪತ್ರದ ಲೋಕದ ಮಗ್ಗುಲಲ್ಲೇ ಲೆಕ್ಕಕ್ಕೆ ಸಿಕ್ಕದ ಸಣ್ಣ ಕಾಯಕದ ಲೋಕವೂ ಇತ್ತು. ಅದನ್ನು ಕಲ್ಲು ಹೇಳಿದ್ದಕ್ಕಿಂತ ಹೆಚ್ಚಾಗಿ ಕಥೆ ಹೇಳಿದೆ.

11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲದಿಂದ ಚಾಲುಕ್ಯರ ರಾಜಧಾನಿಯಾದ ಕಲ್ಯಾಣಕ್ಕೆ 12ನೆಯ ಶತಮಾನದಲ್ಲಿ ಹರಿದುಬಂದ ಶರಣರ ಕಾಯಕಗಳನ್ನು ನೆನೆದುಕೊಂಡರೆ ಈ ಲೋಕ ಕಣ್ಣಿಗೆ ಕಟ್ಟುತ್ತದೆ. ಮೋಳಿಗೆಯ ಮಾರಯ್ಯನು ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿದವನು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದವನು. ಮೇದರ ಕೇತಯ್ಯನು ಬಿದಿರು ಸೀಳಿ ಬುಟ್ಟಿ ಹೆಣೆದವನು. ಆಯ್ದಕ್ಕಿ ಮಾರಯ್ಯನಂತೂ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನು. ಇವುಗಳಲ್ಲಿ ಯಾವ ಕಾಯಕಕ್ಕೂ ಮಳಿಗೆ ಬೇಕಿಲ್ಲ, ಬಂಡವಾಳ ಬೇಕಿಲ್ಲ. ಬೇಕಾದದ್ದು ದುಡಿಯುವ ಕೈ, ಬಾಗಿಲು ಮುಚ್ಚದ ಊರು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳೆಂಬ ಕಥೆ ಎಲ್ಲ ಭಕ್ತರಿಗೂ ತಿಳಿದದ್ದೇ. ಇದನ್ನು ನಾವು ನಿರಾಸೆಯ ಪಾಠವಾಗಿ, ಅಂದರೆ ಆಸೆಯನ್ನು ನೀಗಿದ ಬದುಕಿನ ಪಾಠವಾಗಿ ಓದುತ್ತ ಬಂದಿದ್ದೇವೆ. ಜೊತೆಗೆ ಇನ್ನೊಂದು ಪಾಠವೂ ಅದರಲ್ಲಿದೆ. ಚೆಲ್ಲಿದ ಅಕ್ಕಿಗೆ ಕಾವಲುಗಾರನಿರಲಿಲ್ಲ, ಅಳತೆಯಿರಲಿಲ್ಲ. ಆದರೂ ಅಲ್ಲಿ ಒಂದು ನಿಯಮವಿತ್ತು. ಬೇಕಾದಷ್ಟೇ ಆಯಬೇಕು, ಉಳಿದುದು ಮತ್ತೊಬ್ಬರಿಗೆ ಎಂಬ ನಿಯಮ. ಬರೆಹದಲ್ಲಿ ಇಲ್ಲದ್ದೆಲ್ಲ ಅವ್ಯವಸ್ಥೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ವಿಜಯನಗರವನ್ನು ವ್ಯವಸ್ಥೆಯ ಪರಾಕಾಷ್ಠೆಯೆಂದು ಎಣಿಸುವವರಿದ್ದಾರೆ. ಅಗಲವಾದ ರಥಬೀದಿ, ಇಕ್ಕೆಲದ ಕಲ್ಲುಮಂಟಪಗಳ ಸಾಲು, ಕಾಲುವೆ, ಕೋಟೆ ಇವು ಇಂದಿಗೂ ಬೆರಗುಗೊಳಿಸುತ್ತವೆ. ಆದರೆ 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಬರೆದಿಟ್ಟ ವಿವರವನ್ನು ನೋಡಬೇಕು. ಮಾಣಿಕ್ಯ, ವಜ್ರ, ಮುತ್ತುಗಳ ವ್ಯಾಪಾರಿಗಳಿದ್ದ ಬೀದಿಯಲ್ಲಿಯೇ ಪ್ರತಿದಿನ ಸಂಜೆ ಸಂತೆ ಕೂಡುತ್ತಿತ್ತೆಂದೂ, ಅಲ್ಲಿ ಸಾಧಾರಣ ಕುದುರೆ-ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಕಾಯಿಪಲ್ಲೆ, ಕಟ್ಟಿಗೆ ಎಲ್ಲವೂ ದೊರೆಯುತ್ತಿದ್ದುವೆಂದೂ ಆತ ಹೇಳುತ್ತಾನೆ. ವಜ್ರದ ಅಂಗಡಿಯ ಮುಂದೆ ಕಟ್ಟಿಗೆಯ ಹೊರೆ! ಅರಸನ ರಾಜಧಾನಿಯಲ್ಲಿ ಇದು ಅವಮಾನವೆನಿಸಲಿಲ್ಲ. ಹಗಲು ಒಂದು ಕೆಲಸಕ್ಕೆ ಒದಗಿದ ಬೀದಿ ಸಂಜೆಗೆ ಮತ್ತೊಂದಕ್ಕೆ ಒದಗುತ್ತಿತ್ತು. ಒಂದೇ ನೆಲ ಹಲವರ ಪಾಲಾಗುವ ಈ ಹೊಂದಾಣಿಕೆಯೇ ಸಂತೆಯ ಮರ್ಮ.

ಹುಬ್ಬಳ್ಳಿಯ ದುರ್ಗದಬೈಲು

ನಮ್ಮ ಭಾಗದ ಜನರಿಗೆ ‘ಪೇಟೆಗೆ ಹೋಗುವುದು’ ಎಂದರೆ ಹಲವು ತಲೆಮಾರುಗಳಿಂದ ಹುಬ್ಬಳ್ಳಿಗೆ ಹೋಗುವುದು. ವಿಜಯನಗರದ ಕಾಲದಲ್ಲಿ ರಾಯರ ಹುಬ್ಬಳ್ಳಿಯು ಹತ್ತಿ, ಪೆಟ್ಲುಪ್ಪು, ಕಬ್ಬಿಣಗಳ ವ್ಯಾಪಾರಕ್ಕೆ ಹೆಸರಾಗಿತ್ತು. ಆದಿಲಶಾಹಿಗಳ ಕಾಲದಲ್ಲಿ ಇಂಗ್ಲಿಷರು ಅಲ್ಲಿ ಕೋಠಿ ತೆರೆದರು. 1673ರಲ್ಲಿ ಅದು ಶಿವಾಜಿಯ ಸೈನ್ಯದ ಲೂಟಿಗೆ ಒಳಗಾಯಿತು. ಮುಂದೆ ಊರು ಸವಣೂರಿನ ನವಾಬರ ಆಡಳಿತಕ್ಕೆ ಸೇರಿದಾಗ ಮಜೀದಪುರವೆಂಬ ಹೊಸ ಬಡಾವಣೆ ಹುಟ್ಟಿತು. ಬಸಪ್ಪಶೆಟ್ಟರೆಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿದರು. 1880ರ ದಶಕದಲ್ಲಿ ರೈಲ್ವೆ ಕಾರ್ಯಾಗಾರ ಬಂದ ಮೇಲೆ ಊರು ಇನ್ನಷ್ಟು ಬೆಳೆಯಿತು.

ದುರ್ಗದಬೈಲು ಎಂಬ ಹೆಸರನ್ನು ಗಮನಿಸಬೇಕು. ಕೋಟೆಯ ಮುಂದಣ ಬಯಲು ಅದು. ಶರಣರು ‘ಬಯಲು’ ಎಂಬ ಮಾತಿಗೆ ಕೊಟ್ಟ ಪಾರಮಾರ್ಥಿಕ ಅರ್ಥ ಬೇರೆ. ಇಲ್ಲಿ ಹೇಳುತ್ತಿರುವುದು ಊರ ನಡುವಣ ಬೈಲು. ಯಾರೊಬ್ಬರದೂ ಅಲ್ಲದ, ಇಂಥದಕ್ಕೇ ಎಂದು ಮೀಸಲಿಡದ ಜಾಗ. ಕೋಟೆ ಹೋಯಿತು, ನವಾಬರು ಹೋದರು, ಮರಾಠರು ಹೋದರು, ಇಂಗ್ಲಿಷರೂ ಹೋದರು; ಬೈಲು ಮಾತ್ರ ಉಳಿಯಿತು. ಕಾಯಿಪಲ್ಲೆಯವರು, ಹೂವಿನವರು, ಬಳೆಯವರು, ಸಂಜೆಯಾದರೆ ಗಿರಮಿಟ್ಟು-ಮಿರ್ಚಿಭಜಿಯ ಗಾಡಿಯವರು ಅದನ್ನು ತುಂಬಿದರು. ಬಂಗಾರ ಕೊಳ್ಳಲು ಬಂದ ಮದುವೆಯ ಮನೆಯವರೂ, ದಿನಗೂಲಿ ಮುಗಿಸಿ ಬಂದ ಹಮಾಲರೂ ಒಂದೇ ಜಾಗದಲ್ಲಿ ನಿಂತು ತಿನ್ನುತ್ತಾರೆ.

ಅಪರಿಚಿತನಿಗೆ ಇದು ಗದ್ದಲವಾಗಿ ಕಂಡೀತು. ಆದರೆ ಒಂದೆರಡು ದಿನ ನಿಂತು ನೋಡಿದವನಿಗೆ ಅದರೊಳಗಿನ ಕ್ರಮ ತಿಳಿಯುತ್ತದೆ. ಯಾರು ಎಲ್ಲಿ ಕೂರಬೇಕೆಂಬುದು ಗೊತ್ತಿರುತ್ತದೆ. ಒಬ್ಬಳು ಮಗುವಿಗೆ ಹಾಲುಣಿಸಲು ಎದ್ದರೆ ಮಗ್ಗುಲವಳು ಆಕೆಯ ತಕ್ಕಡಿ ಹಿಡಿಯುತ್ತಾಳೆ. ಪರಿಚಯದ ಗಿರಾಕಿಗೆ ಉದ್ರಿ ಸಿಗುತ್ತದೆ. ತೂಕದ ಮೇಲೆ ಒಂದು ಹಿಡಿ ಕೊಸರು ಬೀಳುತ್ತದೆ. ಚಿಲ್ಲರೆ ಇಲ್ಲದಿದ್ದರೆ ಎದುರಿನ ಗಾಡಿಯಿಂದ ಬರುತ್ತದೆ. ಈ ಉದ್ರಿ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ. ಅದಕ್ಕೆ ಆಧಾರ ಮುಖಪರಿಚಯ, ಮಾತು. ಈ ಪರಿಚಯ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಅದೇ ಜಾಗದಲ್ಲಿ ಅದೇ ಜನ ವರ್ಷಗಟ್ಟಲೆ ಕೂತು ಎದ್ದು ಬೆಳೆಸಿದ್ದು. ಆದುದರಿಂದಲೇ ಸಂತೆಯನ್ನು ಎಬ್ಬಿಸಿ ಊರ ಹೊರಗೆ ಒಳ್ಳೆಯ ಸಿಮೆಂಟಿನ ಕಟ್ಟೆ ಕಟ್ಟಿಕೊಟ್ಟರೂ ಅದು ಬಹುಸಲ ಬರಿದಾಗಿ ಉಳಿಯುತ್ತದೆ. ಕಟ್ಟೆಯನ್ನು ಸಾಗಿಸಬಹುದು, ಪರಿಚಯವನ್ನು ಸಾಗಿಸಲಾಗದು.

ಬೆಂಗಳೂರಿನ ಎರಡು ಮುಖ

ವ್ಯವಸ್ಥೆ-ಅವ್ಯವಸ್ಥೆಗಳ ವಾದ ನಮ್ಮ ನಾಡಿನಲ್ಲಿ ಸ್ಪಷ್ಟವಾಗಿ ರೂಪುಗೊಂಡದ್ದು ಬೆಂಗಳೂರಿನಲ್ಲಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನಲ್ಲಿ ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದು ಕಸುಬಿನ ಹೆಸರಿನ ಪೇಟೆಗಳು ಒತ್ತೊತ್ತಾಗಿ ಬೆಳೆದವು. ಮನೆಯ ಮುಂಭಾಗವೇ ಅಂಗಡಿ, ಜಗುಲಿಯೇ ಕಾರ್ಯಾಗಾರ, ಬೀದಿಯೇ ಅಂಗಳ. 1809ರಲ್ಲಿ ಇಂಗ್ಲಿಷರ ದಂಡು ಬಂದು ನೆಲೆಸಿದ ಮೇಲೆ ಪಕ್ಕದಲ್ಲೇ ಅಗಲ ರಸ್ತೆಯ, ತೋಟದ ನಡುವಣ ಬಂಗಲೆಗಳ ದಂಡುಪ್ರದೇಶ ಎದ್ದಿತು. ಒಂದೇ ಹೆಸರಿನ ಎರಡು ಊರುಗಳು ಬೇರೆ ಬೇರೆ ಪೌರಾಡಳಿತದಲ್ಲಿ ಬಾಳಿ, 1949ರಲ್ಲಿ ಒಂದಾದವು.

1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಮುಂಬಯಿಯಲ್ಲಿ 1896ರಲ್ಲಿ ತೋರಿಕೊಂಡ ಈ ಮಾರಿ ರೈಲುಮಾರ್ಗ ಹಿಡಿದು ಬಂದು ಹುಬ್ಬಳ್ಳಿ-ಧಾರವಾಡಗಳನ್ನೂ ನಡುಗಿಸಿತ್ತು. ಜನ ಮನೆಗಳಿಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲು ಹಾಕಿ ದಿನ ಕಳೆದರು. ಇಕ್ಕಟ್ಟು, ಕತ್ತಲೆ, ಕೊಳಚೆಗಳು ಎಷ್ಟು ಘೋರವೆಂಬುದನ್ನು ಪ್ಲೇಗು ಕಲಿಸಿತು. 1890ರ ದಶಕದಲ್ಲಿ ರೂಪಿಸಿದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ಹೋಗಿ ನೆಲೆಸಲು ಈ ಭಯವೇ ಬಹುಮಟ್ಟಿಗೆ ಕಾರಣವಾಯಿತು. ನೇರ ರಸ್ತೆ, ಗಾಳಿ-ಬೆಳಕಿನ ಮನೆ, ಉದ್ಯಾನ ಇವುಗಳಿಂದ ಜೀವಗಳು ಉಳಿದವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಅವ್ಯವಸ್ಥೆಯ ಹೆಸರಿನಲ್ಲಿ ಕೊಳಕನ್ನು ಹೊಗಳುವವನು ಬಡವನ ಹಿತೈಷಿಯಲ್ಲ; ಕೊಳಚೆಯಲ್ಲಿ ಮೊದಲು ಸಾಯುವವನು ಬಡವನೇ.

ಆದರೆ ಪ್ಲೇಗಿನಿಂದ ಕಲಿತ ಪಾಠದೊಂದಿಗೆ ಒಂದು ತಪ್ಪು ತಿಳಿವಳಿಕೆಯೂ ಬೆರೆಯಿತು. ಕೊಳಕೂ ಸಂದಣಿಯೂ ಒಂದೇ ಎಂದು ಭಾವಿಸಲಾಯಿತು. ರೋಗ ತಂದದ್ದು ಇಲಿ, ಚಿಗಟ, ಕೊಳಕು. ಕುಂಬಾರನ ಜಗುಲಿಯಲ್ಲ, ಹೂವಾಡಗಿತ್ತಿಯ ಬುಟ್ಟಿಯಲ್ಲ. ಬಸವನಗುಡಿಯೇ ಇದಕ್ಕೆ ಸಾಕ್ಷಿ. ಅಷ್ಟು ಅಚ್ಚುಕಟ್ಟಾದ ಬಡಾವಣೆಯ ನಡುವೆ, ದೊಡ್ಡ ಬಸವಣ್ಣನ ಗುಡಿಯ ಮುಂದೆ, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಹಳ್ಳಿಗಳಿಂದ ಬಂದ ರೈತರು ರಸ್ತೆಯ ಇಕ್ಕೆಲದಲ್ಲೂ ಕಡಲೆಕಾಯಿ ರಾಶಿ ಹಾಕಿ ಕೂರುತ್ತಾರೆ. ವಾಹನಗಳಿಗೆಂದು ಮಾಡಿದ ರಸ್ತೆ ಆ ದಿನಗಳಲ್ಲಿ ಬಸವಣ್ಣನ ಅಂಗಳವಾಗುತ್ತದೆ. ಪೇಟೆಯಲ್ಲಿ ಚೈತ್ರದ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಸಂದಿಗೊಂದಿಗಳಲ್ಲಿ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಂತು ಮುಂದೆ ಸಾಗುತ್ತದೆ. ನಕ್ಷೆ ಬರೆದವರು ಈ ದಾರಿಗಳನ್ನು ಬರೆಯಲಿಲ್ಲ. ಆದರೂ ನಗರದ ನೆನಪು ಉಳಿದಿರುವುದು ಈ ದಾರಿಗಳಲ್ಲಿಯೇ.

ಪ್ಲೇಗಿಗೂ ಸಂದಣಿಗೂ ಇರುವ ಈ ಭೇದವನ್ನು ಕಂಡ ಒಬ್ಬ ಮಹನೀಯರನ್ನು ಇಲ್ಲಿ ಸ್ಮರಿಸಬೇಕು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು ಸುಮಾರು ಹತ್ತು ವರ್ಷ ನಮ್ಮ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಹಳೆಯ ಕೇರಿಗಳನ್ನು ಕೆಡವಿ ನೇರ ರಸ್ತೆ ಹಾಯಿಸಬೇಕೆಂಬ ಅಂದಿನ ಅಭಿಯಂತರರ ಮತವನ್ನು ಅವರು ಒಪ್ಪಲಿಲ್ಲ. ತೀರ ಶಿಥಿಲವಾದ ಒಂದೆರಡು ಮನೆಗಳನ್ನಷ್ಟೇ ತೆಗೆದು, ಅಲ್ಲೊಂದು ಮರ, ಇಲ್ಲೊಂದು ಬಾವಿಕಟ್ಟೆ ಉಳಿಸಿ, ಕೇರಿಗೆ ಗಾಳಿ ಬಿಡಬೇಕೆಂಬುದು ಅವರ ವಿಧಾನ. ಇಂದೂರಿನಲ್ಲಿ ಪ್ಲೇಗಿನ ಭಯವಿದ್ದಾಗ ಅವರು ಹೂಡಿದ ಉಪಾಯ ಸ್ವಾರಸ್ಯಕರವಾಗಿದೆ. ದೀಪಾವಳಿಯ ಮೆರವಣಿಗೆ ಯಾವ ಕೇರಿ ತನ್ನನ್ನು ಹೆಚ್ಚು ಚೊಕ್ಕಟವಾಗಿಟ್ಟುಕೊಳ್ಳುವುದೋ ಆ ಕೇರಿಯಲ್ಲಿ ಹಾಯುವುದೆಂದು ಸಾರಿಸಿದರು. ಜನ ತಾವಾಗಿಯೇ ಕಸ ತೆಗೆದರು, ಸುಣ್ಣ ಬಳಿದರು. ಮನೆಗಳನ್ನು ಕೆಡವಿ ಸಾಧಿಸಬೇಕೆಂದಿದ್ದುದನ್ನು ಹಬ್ಬ ಸಾಧಿಸಿತು. ಕೊಳಕು ಹೋಯಿತು, ಕೇರಿ ಉಳಿಯಿತು.

ನಕ್ಷೆಯ ನಗರಗಳು

ಗೆಡ್ಡೆಸ್ ತೋರಿದ ದಾರಿಯನ್ನು ಮುಂದಿನವರು ಹಿಡಿಯಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬರಿಯ ನೆಲದ ಮೇಲೆ ಇಡೀ ನಗರವನ್ನೇ ಬರೆದು ಕಟ್ಟುವ ಉತ್ಸಾಹ ಲೋಕವನ್ನು ಆವರಿಸಿತು. 1951ರಿಂದ ಲ ಕಾರ್ಬೂಸಿಯೆ ರೂಪಿಸಿದ ಚಂಡೀಗಢವು ಚೌಕಚೌಕವಾದ ಸೆಕ್ಟರುಗಳ ನಗರ. ಅಲ್ಲಿಯೂ ತಳ್ಳುಗಾಡಿಯವರು ನಕ್ಷೆಯಲ್ಲಿಲ್ಲದ ತಮ್ಮ ಬಜಾರುಗಳನ್ನು ಹುಟ್ಟಿಸಿಕೊಂಡರು. 1960ರಲ್ಲಿ ಬ್ರೆಜಿಲ್ ದೇಶದ ಹೊಸ ರಾಜಧಾನಿ ಬ್ರೆಸಿಲಿಯ ಉದ್ಘಾಟನೆಯಾಯಿತು. ಅದನ್ನು ಕಟ್ಟಿದ ಕೂಲಿಕಾರರು ಪಕ್ಕದಲ್ಲಿ ಮರದ ಗುಡಿಸಲುಗಳ ‘ಸ್ವತಂತ್ರ ಪಟ್ಟಣ’ವೊಂದನ್ನು ಮಾಡಿಕೊಂಡಿದ್ದರು, ಕೆಲಸ ಮುಗಿದೊಡನೆ ಅದನ್ನು ಕೀಳಬೇಕೆಂದಿತ್ತು. ಜನ ಏಳಲಿಲ್ಲ, ಕಡೆಗೆ 1961ರಲ್ಲಿ ಸರ್ಕಾರವೇ ಅದನ್ನು ಊರೆಂದು ಒಪ್ಪಿತು. ಅದೇ ವರ್ಷ ನ್ಯೂಯಾರ್ಕಿನ ಜೇನ್ ಜೇಕಬ್ಸ್ ಎಂಬ ಮಹಿಳೆ ಅಮೆರಿಕದ ನಗರಗಳ ಅಳಿವು-ಉಳಿವನ್ನು ಕುರಿತ ಗ್ರಂಥ ಪ್ರಕಟಿಸಿ, ಬೀದಿಯಲ್ಲಿ ಸದಾ ಜನರಿರುವುದೇ ಬೀದಿಗೆ ರಕ್ಷಣೆ, ಮನೆ-ಅಂಗಡಿ-ಕಸುಬುಗಳ ಬೆರಕೆಯೇ ನಗರಕ್ಕೆ ಜೀವ ಎಂದು ವಾದಿಸಿದರು. ನಮ್ಮ ಪೇಟೆಗಳ ಜಗುಲಿಯ ಮೇಲೆ ಕೂರುವ ಅಜ್ಜಿಗೆ ಇದು ಹೊಸ ಮಾತಲ್ಲ. ಕೇರಿಗೆ ಹೊಸಬನು ಬಂದರೆ ‘ಯಾರಪ್ಪಾ, ಯಾರ ಮನಿಗೆ ಬಂದಿ?’ ಎಂದು ಮೊದಲು ವಿಚಾರಿಸುವವಳು ಆಕೆಯೇ.

ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಚಿಗಳ್ಳಿಯ ಸುತ್ತಣ ತಾಲೂಕುಗಳಲ್ಲೇ ನಕ್ಷೆಯಿಂದ ಹುಟ್ಟಿದ ನೆಲೆಗಳಿವೆ. ಕಾಳಿಯ ದಡದ ದಾಂಡೇಲಿ ಬೆಳೆದದ್ದು ಮರದಿಂದ, ಆಮೇಲೆ ಕಾಗದದಿಂದ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೊಡನೆ ಬಂಗೂರನಗರವೆಂಬ ಅಚ್ಚುಕಟ್ಟಾದ ವಸತಿಪ್ರದೇಶ ಎದ್ದಿತು. ಆದರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಹಿಂದಿ ಮಾತನಾಡುವ ಜನ ಒಬ್ಬರಿಗೊಬ್ಬರು ನೆರೆಯವರಾದದ್ದು ಕಾರ್ಖಾನೆಯ ಗೇಟಿನ ಒಳಗಿಗಿಂತ ಹೆಚ್ಚಾಗಿ ಹೊರಗಿನ ಪೇಟೆಯಲ್ಲಿ, ಚಹದಂಗಡಿಯ ಬೆಂಚಿನ ಮೇಲೆ, ಸಂತೆಯ ಚೌಕಾಶಿಯಲ್ಲಿ. 1980ರ ದಶಕದಲ್ಲಿ ಸೂಪಾ ಆಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು. ಅಲ್ಲಿಯ ಜನರಿಗಾಗಿ ರಾಮನಗರದಂತಹ ಹೊಸ ನೆಲೆಗಳಾದವು. ನಿವೇಶನವನ್ನು ಅಳೆದು ಹಂಚಬಹುದು. ಹಳೆಯ ಪೇಟೆಯ ಉದ್ರಿಯನ್ನೂ ಕಟ್ಟೆಯ ಮಾತನ್ನೂ ಹಂಚಲಾಗದು. ಅವನ್ನು ಜನ ಹೊಸದಾಗಿ, ನಿಧಾನವಾಗಿ ಬೆಳೆಸಿಕೊಳ್ಳಬೇಕು.

ಮುಂಡಗೋಡದ ಟಿಬೆಟಿಯನ್ ನಿರಾಶ್ರಿತರ ನೆಲೆಯ ಕಥೆ ಇನ್ನೂ ಬೋಧಪ್ರದ. 1966ರಲ್ಲಿ ಪ್ರಾರಂಭವಾದ ಈ ನೆಲೆಯನ್ನು ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಹೊಲ, ಮನೆ, ಶಾಲೆ ಎಲ್ಲವೂ ಯೋಜನೆಯಂತೆ ಆದದ್ದು. ಗಾಂದೇನ್, ದ್ರೆಪುಂಗ್ ಎಂಬ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ಆದರೆ ಮಳೆಯನ್ನು ನಂಬಿದ ಬೇಸಾಯದಿಂದ ಎಲ್ಲರ ಹೊಟ್ಟೆ ತುಂಬಲಿಲ್ಲ. ಆಗ ಅವರ ಕೈ ಹಿಡಿದದ್ದು ಯಾವ ಯೋಜನೆಯಲ್ಲಿಯೂ ಬರೆಯದ ಒಂದು ವ್ಯಾಪಾರ. ಚಳಿಗಾಲ ಬಂದೊಡನೆ ಟಿಬೆಟಿಯನ್ ಕುಟುಂಬಗಳು ಉಣ್ಣೆಯ ಸ್ವೆಟರುಗಳ ಗಂಟು ಹೊತ್ತು ದೇಶದ ಊರೂರುಗಳಿಗೆ ಹೋಗಿ, ರಸ್ತೆಯ ಬದಿಯಲ್ಲಿ, ಮೈದಾನದ ಅಂಚಿನಲ್ಲಿ ಅಂಗಡಿ ಹೂಡುತ್ತಾರೆ. ಮಾತು ಬಾರದ, ನೆಲ ತಮ್ಮದಲ್ಲದ, ದೇಶ ಕಳೆದುಕೊಂಡ ಜನರಿಗೆ ನಮ್ಮ ನಗರಗಳು ತೆರೆದ ಬಾಗಿಲು ಅದು. ನಮ್ಮ ಮುಂಡಗೋಡದ ಈ ನೆರೆಹೊರೆಯವರು ಮಕ್ಕಳನ್ನು ಓದಿಸಿ ದಡ ಸೇರಿಸಿದ್ದರಲ್ಲಿ ಸರ್ಕಾರ ಕೊಟ್ಟ ಭೂಮಿಯ ಪಾಲೂ ಇದೆ, ಊರುಗಳ ಬೀದಿಬದಿಯ ಪಾಲೂ ಇದೆ. ಎರಡನ್ನೂ ನೆನೆಯಬೇಕು.

ಹಂಪೆಯ ಬಜಾರು ಬರಿದಾದದ್ದು

ಬೈಲನ್ನು ಬರಿದುಮಾಡಿದರೆ ಏನಾಗುತ್ತದೆಂಬುದನ್ನು ನಮ್ಮ ಕಾಲದಲ್ಲಿ ಹಂಪೆ ತೋರಿಸಿತು. 1565ರ ದುರಂತದ ಬಳಿಕ ಪಾಳುಬಿದ್ದ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಕಾಲಾಂತರದಲ್ಲಿ ಜನ ಬಂದು ನೆಲೆಸಿದರು. ಯಾತ್ರಿಕರಿಗೆ ಕಾಯಿ-ಹೂವು, ಊಟ-ವಸತಿ, ಪಾತ್ರೆ-ಪುಸ್ತಕ ಮಾರುತ್ತ ಎರಡು-ಮೂರು ತಲೆಮಾರು ಬಾಳಿದರು. 1986ರಲ್ಲಿ ಹಂಪೆ ವಿಶ್ವಪರಂಪರೆಯ ತಾಣವೆಂದು ಘೋಷಿತವಾಯಿತು. ಸ್ಮಾರಕಗಳ ರಕ್ಷಣೆಯ ಹೆಸರಿನಲ್ಲಿ 2011ರ ಜುಲೈ ತಿಂಗಳಲ್ಲಿ ಬಜಾರಿನ ಅಂಗಡಿ-ಮನೆಗಳನ್ನು ಕೆಡವಿ ಜನರನ್ನು ಎಬ್ಬಿಸಲಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ಗೊತ್ತುಮಾಡಲಾಯಿತು.

ಇದರಲ್ಲಿ ಅಧಿಕಾರಿಗಳ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಕಲ್ಲಿನ ಕಂಬಗಳಿಗೆ ಇಟ್ಟಿಗೆಯ ಗೋಡೆ ತಾಗಿಸಿ, ಸಿಮೆಂಟು ಮೆತ್ತಿ ಮಂಟಪಗಳನ್ನು ಕೆಡಿಸಿದ್ದುಂಟು. ಅದನ್ನು ತಡೆಯುವುದು ಅವಶ್ಯವೇ ಆಗಿತ್ತು. ಆದರೆ ಪಾಯೆಸ್ ಕಂಡ ವಿಜಯನಗರದ ಬೀದಿ ಬರಿದಾಗಿರಲಿಲ್ಲ. ನಿಂಬೆಹಣ್ಣಿನವನೂ ಕಟ್ಟಿಗೆಯವನೂ ಇದ್ದ ಬೀದಿ ಅದು. ಆ ಬೀದಿಯನ್ನು ಅದರ ಜನರಿಲ್ಲದೆ ಕಾಪಾಡಿದರೆ ಉಳಿಯುವುದು ಕಲ್ಲು, ಬಜಾರಲ್ಲ. ಗೋಡೆಯನ್ನು ತೆಗೆಸಿ ಮನುಷ್ಯನನ್ನು ಉಳಿಸುವ ದಾರಿ ಇರಲಿಲ್ಲವೇ? ಹಬ್ಬದ ನೆಪದಲ್ಲಿ ಕೇರಿಯನ್ನು ಚೊಕ್ಕಟಮಾಡಿಸಿದ ಗೆಡ್ಡೆಸರ ವಿಧಾನ ಇಂತಹ ಸ್ಥಳಗಳಲ್ಲಿಯೇ ನೆನಪಾಗಬೇಕಿತ್ತು.

ಕಟ್ಟಳೆಗೂ ಬೈಲಿಗೂ ಸಂಧಿ

ಹಾಗಾದರೆ ನಗರಕ್ಕೆ ಕಟ್ಟಳೆಯೇ ಬೇಡವೇ? ಬೇಕು. ಕಟ್ಟಳೆಯಿಲ್ಲದ ಕಡೆ ಬಲಿಷ್ಠನದೇ ಆಟ. ‘ಊರು ಕಟ್ಟುವ ಮೊದಲೇ ಗಂಟುಕಳ್ಳರು ಸೇರಿದರು’ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೀದಿಯ ವ್ಯಾಪಾರಿಯಿಂದ ದಿನವೂ ಹಣ ಕೀಳುವ ಪುಂಡರು, ಬೆಳಗ್ಗೆ ಕೊಟ್ಟ ಸಾಲಕ್ಕೆ ಸಂಜೆಗೇ ಬಡ್ಡಿ ಎಳೆಯುವವರು, ‘ಇಲ್ಲಿ ಕೂತರೆ ಮಾಮೂಲು ಕೊಡು’ ಎನ್ನುವವರು ಬೆಳೆಯುವುದು ಬಡವನ ಹಕ್ಕು ಬರೆಹದಲ್ಲಿ ಇಲ್ಲದಿರುವುದರಿಂದಲೇ. ರೋಗಿಯನ್ನು ಹೊತ್ತ ಗಾಡಿಗೆ ದಾರಿ ಬೇಕು, ಮಕ್ಕಳಿಗೂ ಮುದುಕರಿಗೂ ನಡೆಯಲು ಪಾದಚಾರಿ ದಾರಿ ಬೇಕು, ಚರಂಡಿ ಬೇಕು, ಕುಡಿಯುವ ನೀರು ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು. ಇವು ಜನ ತಾವಾಗಿ ಮಾಡಿಕೊಳ್ಳಲಾರದವು, ಪೌರಸಂಸ್ಥೆಯೇ ಮಾಡಬೇಕಾದವು. ಯಾರು ಎಲ್ಲಿ ಕೂರಬೇಕು, ಯಾರಿಗೆ ಉದ್ರಿ ಕೊಡಬೇಕು, ಯಾವ ಹೊತ್ತಿಗೆ ಬೀದಿ ಯಾರದಾಗಬೇಕು ಎ೦ಬುದು ಜನ ತಾವೇ ಚೆನ್ನಾಗಿ ಮಾಡಿಕೊಳ್ಳುವಂಥವು. ಮೊದಲನೆಯದನ್ನು ಅಲಕ್ಷಿಸಿ ಎರಡನೆಯದರಲ್ಲಿ ಕೈ ಹಾಕಿದ್ದೇ ನಮ್ಮ ಪೌರಾಡಳಿತದ ದೋಷ.

ನ್ಯಾಯಾಂಗವೂ ಶಾಸನಸಭೆಯೂ ತಡವಾಗಿಯಾದರೂ ಈ ದಿಕ್ಕಿಗೆ ಬಂದಿವೆ. ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ, ಬೀದಿಬದಿಯ ವ್ಯಾಪಾರವೂ ಸಂವಿಧಾನ ಕೊಟ್ಟ ಉದ್ಯೋಗಸ್ವಾತಂತ್ರ್ಯದೊಳಗೆ ಬರುತ್ತದೆಂದೂ, ಯುಕ್ತವಾದ ನಿರ್ಬಂಧಗಳಿಗೆ ಮಾತ್ರ ಅದು ಒಳಪಟ್ಟಿದೆಯೆಂದೂ ಹೇಳಿತು. 2014ರಲ್ಲಿ ಸಂಸತ್ತು ಬೀದಿಬದಿ ವ್ಯಾಪಾರಿಗಳ ಅಧಿನಿಯಮವನ್ನು ಮಾಡಿತು. ಅದರಂತೆ ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಜನ ಚುನಾಯಿತ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು. ಎಬ್ಬಿಸಬೇಕಾದಲ್ಲಿ 30 ದಿನಗಳ ನೋಟೀಸು ಕೊಡಬೇಕು. ಇದೆಲ್ಲಕ್ಕಿಂತ ಗಮನಾರ್ಹವಾದದ್ದು ಆ ಕಾಯಿದೆಯಲ್ಲಿ ಬರುವ ‘ಸಹಜ ಮಾರುಕಟ್ಟೆ’ ಎಂಬ ಕಲ್ಪನೆ. ಕೊಳ್ಳುವವರೂ ಮಾರುವವರೂ ರೂಢಿಯಿಂದ ಕೂಡುತ್ತ ಬಂದ ಜಾಗವೇ ಸಹಜ ಮಾರುಕಟ್ಟೆ. ಅದನ್ನು ಯೋಜನೆ ಗಮನದಲ್ಲಿರಿಸಿಕೊಳ್ಳಬೇಕು. ದುರ್ಗದಬೈಲು ಯುಗಯುಗದಿಂದ ಹೇಳುತ್ತ ಬಂದ ಮಾತನ್ನು ಕಾಯಿದೆಯೂ ಕೊನೆಗೆ ಆಡಿತು. ಆದರೆ ಕಾಯಿದೆಯ ಪುಸ್ತಕ ಕಪಾಟಿನಲ್ಲಿದ್ದರೆ ಬುಟ್ಟಿಯವಳಿಗೆ ಪ್ರಯೋಜನವಿಲ್ಲ. ಸಮಿತಿ ಕೂಡಬೇಕು, ಆಕೆಗೆ ಗುರುತಿನ ಚೀಟಿ ಸಿಗಬೇಕು.

ನಮ್ಮ ಮಠಗಳ ಪ್ರಸಾದನಿಲಯಗಳ ಇತಿಹಾಸವನ್ನು ಬಲ್ಲವರಿಗೆ ಈ ವಿಚಾರ ಹೊಸದಾಗಿ ತೋರಬೇಕಾಗಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ಓದಲು ಬಂದ ಹಳ್ಳಿಯ ಹುಡುಗನ ಕೈಯಲ್ಲಿ ಹಣವಿರಲಿಲ್ಲ, ಊರಿನಲ್ಲಿ ಪರಿಚಯವಿರಲಿಲ್ಲ. ಜೋಳಿಗೆಯಲ್ಲಿ ಬಂದ ಜೋಳದಿಂದ ಮಠಗಳು ಅವನಿಗೆ ರೊಟ್ಟಿ ಕೊಟ್ಟವು. ಹಾಸಿಕೊಳ್ಳಲು ಪಡಸಾಲೆ ಕೊಟ್ಟವು. ಅರ್ಜಿ ನಮೂನೆಯಾಗಲಿ ಠೇವಣಿಯಾಗಲಿ ಇಲ್ಲದೆ ನಗರ ಆ ಹುಡುಗನಿಗೆ ತೆರೆದದ್ದು ಹೀಗೆ. ಹಾಗೆ ಓದಿದವರಲ್ಲಿ ಅನೇಕರು ಇಂದು ಅಭಿಯಂತರರು, ಪೌರಸಂಸ್ಥೆಗಳ ಸದಸ್ಯರು, ಮುಖ್ಯಾಧಿಕಾರಿಗಳು. ತಮಗೆ ಪಡಸಾಲೆ ಏನಾಗಿತ್ತೋ ಹಳ್ಳಿಯ ತಾಯಿಗೆ ಬೀದಿಬದಿ ಅದೇ ಆಗಿದೆಯೆಂಬುದನ್ನು ಅವರು ಮರೆಯಬಾರದು.

ಆದುದರಿಂದ ಅವರಲ್ಲಿ ನಮ್ಮ ಅಪೇಕ್ಷೆ ಇಷ್ಟೇ. ಯಾವುದೇ ಸಂತೆಯನ್ನು ಎಬ್ಬಿಸುವ ಕಡತಕ್ಕೆ ಸಹಿ ಹಾಕುವ ಮುನ್ನ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ದಿನ ಕೂತು ನೋಡಬೇಕು. ಚರಂಡಿ, ನೀರು, ನೆರಳುಗಳನ್ನು ಮೊದಲು ಅಲ್ಲಿಗೆ ಒಯ್ಯಬೇಕು. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ, ಶಾಲೆಗೆ ಜಾಗ ಬಿಡುವಂತೆ ಯಾವುದಕ್ಕೂ ಮೀಸಲಿಡದ ಒಂದು ಬೈಲನ್ನೂ ಬಿಡಬೇಕು. ಮಠಗಳ ಮುಂದಣ ಅಂಗಳಗಳು ಜಾತ್ರೆಯ ದಿನ ಮಾತ್ರವಲ್ಲದೆ ವಾರದ ಸಂತೆಗೂ ಒದಗುವುದಾದರೆ ಅದೂ ದಾಸೋಹವೇ. ಚಿಗಳ್ಳಿಯಿಂದಲೋ ಅಂತಹುದೇ ಮತ್ತೊಂದು ಹಳ್ಳಿಯಿಂದಲೋ ಬುಟ್ಟಿ ಹೊತ್ತು ಬಂದವಳು ಯಾರ ಅಂಜಿಕೆಯೂ ಇಲ್ಲದೆ ಕುಳಿತು, ತಂದದ್ದನ್ನು ಮಾರಿ, ಮಕ್ಕಳಿಗೆ ಒಂದಿಷ್ಟು ಚುರುಮುರಿ ಕಟ್ಟಿಸಿಕೊಂಡು ಕತ್ತಲಾಗುವ ಮುನ್ನ ಮನೆ ಸೇರುವಂತಾಗಲಿ ಎಂದು ಹಾರೈಸುತ್ತೇವೆ.